ಶನಿವಾರ ಬೆಳಗಿನ ಅಂಗಳ

ಮೊದಲು ಖರ್ಚಿನ ಮಾತು ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ಆ ಅಂಗಳಕ್ಕಾಗಿ ನಾನು ತೆತ್ತದ್ದು ಒಂದಿಡೀ ಚಳಿಗಾಲದ ಶನಿವಾರ ಬೆಳಗಿನ ವ್ಯಾಪಾರ. ಅಂಗಡಿ ಇಟ್ಟವರಿಗೆ ಇದರ ತೂಕ ಗೊತ್ತು. ನ್ಯೂಜಿಲೆಂಡಿನ ಡನೀಡಿನ್ನಿನಂಥ ವಿದ್ಯಾರ್ಥಿಗಳ ಊರಿನಲ್ಲಿ ಶನಿವಾರ ಬೆಳಿಗ್ಗೆ ಎಂದರೆ ಶುಕ್ರವಾರ ಕುಣಿದು ದಣಿದ ಹುಡುಗರು ಹಸಿದು ಏಳುವ ಹೊತ್ತು. ಮಾಂಸ ತುಂಬಿದ ಬಿಸಿ ಪೈ, ಹಾಲು, ತಲೆನೋವಿನ ಗುಳಿಗೆ ಎಲ್ಲವೂ ಬೆಲೆ ಕೇಳದೆ ಖಾಲಿಯಾಗುವ ಹೊತ್ತು. ಅಂಥ ಹೊತ್ತಿನಲ್ಲಿ ‘ಮಧ್ಯಾಹ್ನ ತೆರೆಯುತ್ತೇವೆ’ ಎಂಬ ಬೋರ್ಡನ್ನು ಬಾಗಿಲಿಗೆ ತಿರುಗಿಸಿ ನಾನು ಚೆಂಡು ಹಿಡಿಯಲು ಹೋಗುತ್ತಿದ್ದೆ. ಇದಲ್ಲದೆ ಬಲಗೈಯ ಕಿರುಬೆರಳು ಬೇರೆ. ಅದು ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಯಾಕೆ ತೆತ್ತೆ ಎಂದರೆ, ಈ ದೇಶದಲ್ಲಿ ಕೌಂಟರಿನ ಆಚೆ ಬದಿಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಜಾಗ. ಸುಮ್ಮನೆ ಬಿಟ್ಟುಕೊಡುವ ಜಾತಿಯವಳಲ್ಲ ನಾನು.

ನಾನು ದಾವಣಗೆರೆಯವಳು. ಕಾಲೇಜು ಮುಗಿಸಿದ ವರ್ಷವೇ ಸೂರತ್ತಿನಿಂದ ಸೀರೆ ತರಿಸಿ, ಬ್ಯಾಗು ಹೆಗಲಿಗೇರಿಸಿ ಬಡಾವಣೆ ಬಡಾವಣೆ ತಿರುಗಿ ಮಾರಿದವಳು. ವ್ಯಾಪಾರವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಎಷ್ಟು ಹೇಳಬೇಕು, ಎಲ್ಲಿ ಇಳಿಯಬೇಕು, ಯಾವಾಗ ಸೀರೆ ಮಡಚಿ ಎದ್ದು ಹೊರಟುಬಿಡಬೇಕು ಎಂಬುದನ್ನು ಹೆಂಗಸರ ಮುಖ ನೋಡಿಯೇ ಕಲಿತೆ. ಮದುವೆಯಾದದ್ದು ಗದಗಿನ ಕಡೆಯವರನ್ನು. ಅವರು ನರ್ಸ್. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಡನೀಡಿನ್ನಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು, ನಾನು ಹಿಂದೆ ಬಂದೆ. ಕೆಲವು ತಿಂಗಳು ಕಿಟಕಿ ಪಕ್ಕ ಕೂತು ಮಳೆ ನೋಡಿದೆ. ಆಮೇಲೆ ವಿಶ್ವವಿದ್ಯಾಲಯದ ಹಿಂದಿನ ಏರಿನಲ್ಲಿದ್ದ ಒಂದು ಡೇರಿ ಮಾರಾಟಕ್ಕೆ ಬಂತು. ಇಲ್ಲಿ ಮೂಲೆಯಂಗಡಿಗೆ ಡೇರಿ ಎನ್ನುತ್ತಾರೆ, ಹಾಲಿನ ಜೊತೆಗೆ ಪತ್ರಿಕೆ, ಪೊರಕೆ, ಬಲ್ಬು ಎಲ್ಲ ಅಲ್ಲೇ. ಹಳೆಯ ಮಾಲೀಕ ಹೇಳಿದ ಬೆಲೆಗೆ ನಾನು ನಕ್ಕೆ. ಆತ ಕೆಂಪಗಾಗಿ ಒಳಗೆ ಹೋದ. ಆತನ ಹೆಂಡತಿ ಚಹಾ ತಂದಳು. ಕಡೆಗೆ ಅಂಗಡಿಯ ಜೊತೆ ಐಸ್‌ಕ್ರೀಮಿನ ಪೆಟ್ಟಿಗೆ, ಏಣಿ, ಮುಂಬಾಗಿಲ ಗಂಟೆ ಇಷ್ಟೂ ನನ್ನದಾಯಿತು. ಆ ಗಂಟೆಯನ್ನು ಆತ ಬಿಚ್ಚಿಕೊಂಡು ಹೋಗಬೇಕೆಂದಿದ್ದ.

ಆ ಊರಿನ ಚಳಿಗಾಲವನ್ನು ನೆನೆದರೆ ನನಗೆ ಇವತ್ತಿಗೂ ಎಚ್ಚರವೋ ನಿದ್ದೆಯೋ ತಿಳಿಯುವುದಿಲ್ಲ. ಬೆಳಿಗ್ಗೆ ಬಂದರಿನಿಂದ ಮಂಜು ಮೇಲೇರುತ್ತಿತ್ತು. ಮೊದಲು ಕೆಳಗಿನ ಬೀದಿ ಮಾಯ, ಆಮೇಲೆ ಚರ್ಚಿನ ಗೋಪುರ, ಆಮೇಲೆ ಎದುರು ಮನೆ. ಗುಡ್ಡದ ತುದಿಗಳು ಮಾತ್ರ ಹಾಲಿನ ಮೇಲೆ ತೇಲುವ ಕೆನೆಯ ಹಾಗೆ ಉಳಿಯುತ್ತಿದ್ದವು. ನಾನು ಅಂಗಡಿಯ ಗಾಜಿನ ಮೇಲೆ ಅಂಗೈಯಿಂದ ಒಂದು ಗುಂಡನೆಯ ತೂತು ಒರೆಸಿಕೊಂಡು ಅದರಲ್ಲಿ ನೋಡುತ್ತ ನಿಲ್ಲುತ್ತಿದ್ದೆ. ಮಂಜಿನೊಳಗಿಂದ ಒಬ್ಬೊಬ್ಬರಾಗಿ ವಿದ್ಯಾರ್ಥಿಗಳು ಮೂಡುತ್ತಿದ್ದರು, ಬರಿಗಾಲು, ಹೆಗಲಿಗೆ ರಗ್ಗು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಹಾಲು ತಗೊಂಡು ಮತ್ತೆ ಕರಗಿಹೋಗುತ್ತಿದ್ದರು. ಅವರಲ್ಲೊಬ್ಬನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದವನು ಆಕ್ಲೆಂಡಿನ ಸ್ಯಾಂಡ್ರಿಂಗಮ್ ಕಡೆಯ ನಮ್ಮವರ ಹುಡುಗ. ಅವನು ನನ್ನನ್ನು ಆಂಟಿ ಎಂದ, ಅಲ್ಲಿಂದ ಇಡೀ ಏರಿಗೇ ನಾನು ಆಂಟಿಯಾದೆ. ಆರಡಿ ಎತ್ತರದ ರಗ್ಬಿ ಆಟಗಾರರೂ ಬಾಗಿಲು ತಳ್ಳಿ, ಆಂಟಿ, ಪೈ ಇದೆಯಾ ಅನ್ನುತ್ತಿದ್ದರು. ಆದರೆ ಎಲ್ಲ ಮಾತೂ ಕೌಂಟರಿನ ಮೇಲೆಯೇ. ಚಿಲ್ಲರೆ ಕೊಟ್ಟ ಮೇಲೆ ಮಾತೂ ಮುಗಿಯಿತು.

ಒಂದು ದಿನ ಫಿಸಿಯೋಥೆರಪಿ ಓದುವ ಹುಡುಗಿಯೊಬ್ಬಳು ಬಂದಳು. ದಕ್ಷಿಣದ ಕಡೆಯ ಕುರಿ ಸಾಕಣೆಯ ಮನೆಯವಳು, ಹಿಮ ಬೀಳುವಾಗಲೂ ಚಡ್ಡಿ ಹಾಕುವವಳು. ಕಪಾಟಿನ ಕಡೆ ತಿರುಗುವಾಗ ಅವಳ ಮೊಣಕೈ ತಾಗಿ ಬೀಟ್‌ರೂಟಿನ ಗಾಜಿನ ಜಾಡಿ ಜಾರಿತು. ನಾನು ಕೌಂಟರಿನ ಮೇಲಿಂದ ಬಗ್ಗಿ ಒಂದೇ ಕೈಯಲ್ಲಿ ಹಿಡಿದೆ. ಹಿಡಿದದ್ದು ಏನೂ ದೊಡ್ಡದಲ್ಲ, ಒಡೆದರೆ ನಷ್ಟ ನನ್ನದು. ಆ ಹುಡುಗಿ ಮಾತ್ರ ಜಾಡಿಯನ್ನು ಬಿಟ್ಟು ನನ್ನ ಕೈಯನ್ನೇ ನೋಡಿದಳು. ಯಾವ ಆಟ ಆಡಿದ್ದೀರಿ ಎಂದು ಕೇಳಿದಳು. ಥ್ರೋಬಾಲ್ ಎಂದೆ. ಕಾಲೇಜು ತಂಡಕ್ಕೆ ಮೂರು ವರ್ಷ ಆಡಿದ್ದೆ, ಕೆಂಪು ಮಣ್ಣಿನ ಮೈದಾನದಲ್ಲಿ, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು. ಅವಳಿಗೆ ಆ ಆಟವೇ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ನೆಟ್‌ಬಾಲ್ ತಂಡಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯ ತಂಡಕ್ಕೆ ತಾನು ಕ್ಯಾಪ್ಟನ್, ಒಬ್ಬರು ಕಡಿಮೆ ಇದ್ದಾರೆ, ಆ ದರ್ಜೆಯಲ್ಲಿ ಹೊರಗಿನವರೂ ಆಡಬಹುದು, ಬರುತ್ತೀರಾ ಎಂದಳು.

ನನಗೇನು ಸಿಗುತ್ತೆ ಎಂದು ಕೇಳಿದೆ. ಕೇಳದೆ ಒಪ್ಪುವುದು ನನ್ನ ರಕ್ತದಲ್ಲಿಲ್ಲ. ಆಟ ಮುಗಿದ ಮೇಲೆ ಎರಡೂ ತಂಡಗಳು ಒಟ್ಟಿಗೆ ತಿನ್ನುವುದು ಇಲ್ಲಿನ ಪದ್ಧತಿ. ಆ ತಿಂಡಿಯೆಲ್ಲ ನನ್ನ ಅಂಗಡಿಯಿಂದಲೇ ಹೋಗಬೇಕು, ಕಿತ್ತಳೆ ಹಣ್ಣೂ ನನ್ನದೇ, ಬೆರಳಿಗೆ ಸುತ್ತುವ ಟೇಪೂ ನನ್ನದೇ ಎಂದೆ. ಇನ್ನೂ ಎರಡು ಷರತ್ತು ನಾಲಿಗೆಯ ತುದಿಯಲ್ಲಿದ್ದವು, ಬಿಟ್ಟುಕೊಡಲಿಕ್ಕೆಂದೇ ಇಟ್ಟುಕೊಂಡವು. ಅವಳು, ಸರಿ, ಆಂಟಿ, ಎಂದು ಹೊರಟೇಹೋದಳು. ಒಂದೇ ಮಾತಿಗೆ ಒಪ್ಪಿಬಿಟ್ಟರೆ ವ್ಯಾಪಾರ ಮಾಡಿದವರಿಗೆ ಎಂಥ ಕಸಿವಿಸಿಯಾಗುತ್ತದೆ ಎಂದು ಇವರಿಗೆ ಗೊತ್ತಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಯಜಮಾನರು ಮುಸುರೆ ತೊಳೆಯುತ್ತಿದ್ದರು.

“ಹುಚ್ಚ ಹಿಡದೈತೇನ ನಿನಗ? ಈ ವಯಸ್ಸಿನ್ಯಾಗ ಮೊಳಕಾಲ ಮ್ಯಾಲ ಅರಬಿ ಹಾಕ್ಕೊಂಡು ಓಡಾಕ ಹೊಂಟೀ. ಬಿದ್ದು ಕಾಲ ಮುರಕೊಂಡ್ರ ಸೀದಾ ನನ್ನ ವಾರ್ಡಿಗೇ ಬರ್ತಿ, ನೆನಪಿರ್ಲಿ.”

“ಬರ್ತೀನಿ. ಕಿಟಕಿ ಪಕ್ಕದ ಹಾಸಿಗೆ ಹಿಡಿದಿಡ್ರಿ.”

ಸ್ಕರ್ಟಿನ ಕೆಳಗೆ ಕಪ್ಪು ಉದ್ದ ಕಾಲುಚೀಲ ಹಾಕಲು ಕ್ಯಾಪ್ಟನ್ ಬಿಟ್ಟಳು. ಹೀಗೆ, ಇಲ್ಲಿ ಚಳಿಗಾಲ ಶುರುವಾಗುವ ಆ ಮೇ ತಿಂಗಳ ಮೊದಲ ಶನಿವಾರ ನಾನು ಆಸ್ಪತ್ರೆಗೂ ವಿಶ್ವವಿದ್ಯಾಲಯಕ್ಕೂ ನಡುವೆ ತಗ್ಗಿನಲ್ಲಿದ್ದ ಆ ಡಾಂಬರಿನ ಅಂಗಳಕ್ಕೆ ಇಳಿದೆ. ನಗರಸಭೆಯ ಜಾಗ. ಅಲ್ಲಲ್ಲಿ ಬಿರುಕು, ಬಿರುಕಿನಲ್ಲಿ ಪಾಚಿ, ಗೆರೆಗಳ ಬಣ್ಣ ಅರ್ಧ ಅಳಿದದ್ದು. ಮಂಜಿನಲ್ಲಿ ಆಚೆ ಕಡೆಯ ಕಂಬ ಕಾಣುತ್ತಿರಲಿಲ್ಲ, ಅದರ ಮೇಲಿನ ಕಬ್ಬಿಣದ ಬಳೆ ಮಾತ್ರ ಗಾಳಿಯಲ್ಲಿ ತೂಗುಹಾಕಿದ ಹಾಗೆ. ಸುತ್ತಲೂ ಎಷ್ಟೋ ತಂಡಗಳು ಆಡುತ್ತಿದ್ದವು, ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ. ಚೆಂಡು ಅಂಗೈಗೆ ಬಡಿಯುವ ಸದ್ದು, ಸೀಟಿ, ಹೆಸರು ಹಿಡಿದು ಕೂಗುವ ಹೆಣ್ಣುದನಿಗಳು ಎಲ್ಲ ಕಡೆಯಿಂದ ತೇಲಿ ಬರುತ್ತಿದ್ದವು. ನೀರೊಳಗೆ ಮುಳುಗಿ ಜಾತ್ರೆ ಕೇಳಿದ ಹಾಗಿತ್ತು.

ನೆಟ್‌ಬಾಲಿನಲ್ಲಿ ಚೆಂಡು ಹಿಡಿದವಳು ಓಡುವಂತಿಲ್ಲ. ಮೂರು ಎಣಿಸುವುದರೊಳಗೆ ಎಸೆದುಬಿಡಬೇಕು. ಇದೆಲ್ಲ ನಮ್ಮ ಥ್ರೋಬಾಲಿನ ಹಾಗೇ ಇದೆ ಎಂದು ನನಗೆ ಧೈರ್ಯ. ಮೊದಲ ಚೆಂಡು ಬಂತು, ಹಿಡಿದೆ. ಎಲ್ಲಿ ಯಾರೂ ಇಲ್ಲವೋ ಆ ಮೂಲೆ ನೋಡಿ ಬೀಸಿ ಎಸೆದೆ. ಎಂಥ ಎಸೆತ ಅದು, ದಾವಣಗೆರೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಚೆಂಡು ಗೆರೆಯ ಮೂಲೆಗೆ ಬಡಿದು ಮಂಜಿನೊಳಗೆ ಪುಟಿದು ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಎದುರು ತಂಡದವರು ನನಗೆ ಅಡ್ಡ ಬರುವುದನ್ನೇ ಬಿಟ್ಟರು.

“ಆಂಟಿ, ಅಲ್ಲಿ ಯಾರೂ ಇರಲಿಲ್ಲ,” ಎಂದಳು ಕ್ಯಾಪ್ಟನ್. ಅವಳ ಇಂಗ್ಲಿಷನ್ನು ನನ್ನ ಕಿವಿಗೆ ಬಿದ್ದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

“ಯಾರೂ ಇರ್ಲಿಲ್ಲ ಅಂತಾನೇ ಅಲ್ಲಿಗೆ ಎಸೆದೆ.”

ಅವಳು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದಳು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಥ್ರೋಬಾಲಿನಲ್ಲಿ ಬಲೆಯಾಚೆ ಖಾಲಿ ಜಾಗಕ್ಕೆ ಎಸೆದರೆ ಅಂಕ. ಅಷ್ಟು ವರ್ಷ ಕೈ ಕಲಿತದ್ದು ಅದನ್ನೇ. ಇಲ್ಲಿ ಚೆಂಡನ್ನು ಕೈಯಿಂದ ಕೈಗೆ ದಾಟಿಸಿ ಕಂಬದ ಮೇಲಿನ ಬಳೆಯೊಳಗೆ ಹಾಕಬೇಕು, ಎಸೆಯಬೇಕಾದದ್ದು ಮನುಷ್ಯರ ಕಡೆಗೆ. ಆಟ ಮುಗಿದ ಮೇಲೆ ಎದುರು ತಂಡದ ಕ್ಯಾಪ್ಟನ್ ನಮ್ಮಲ್ಲೊಬ್ಬರನ್ನು ಆ ದಿನದ ಉತ್ತಮ ಆಟಗಾರ್ತಿ ಎಂದು ಆರಿಸುವುದು ಅಲ್ಲಿನ ರೂಢಿ. ಆಕೆ ನನ್ನನ್ನು ಕರೆದು, ಇವತ್ತು ನಮ್ಮ ತಂಡಕ್ಕೆ ಇವರಷ್ಟು ಸಹಾಯ ಮಾಡಿದವರು ಇನ್ನೊಬ್ಬರಿಲ್ಲ ಎಂದು ಹೇಳಿ, ಇಲ್ಲಿ ಶಹಬ್ಬಾಸ್ ಎನ್ನಲು ಕೊಡುವ ಮಿಠಾಯಿ, ಒಂದು ಚಾಕೊಲೇಟಿನ ಮೀನು ಕೊಟ್ಟಳು. ನನ್ನ ಅಂಗಡಿಯಿಂದಲೇ ಹೋದ ಮೀನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗೇಲಿ ಮಾಡುವಷ್ಟು ಹತ್ತಿರ ಈ ದೇಶದಲ್ಲಿ ಯಾರೂ ನನ್ನನ್ನು ಅದುವರೆಗೆ ಬಿಟ್ಟುಕೊಂಡಿರಲಿಲ್ಲ.

ಕೈಗೆ ಆ ಹಳೆಯ ಎಸೆತವನ್ನು ಮರೆಸಲು ಜೂನ್ ಪೂರ್ತಿ ಬೇಕಾಯಿತು. ಆ ಶನಿವಾರಗಳು ನನ್ನ ನೆನಪಿನಲ್ಲಿ ಬೇರೆ ಬೇರೆಯಾಗಿ ಇಲ್ಲ, ಎಲ್ಲ ಕೂಡಿ ಒಂದೇ ಉದ್ದನೆಯ ಬೆಳಿಗ್ಗೆ. ಹುಡುಗಿಯರ ಹೆಗಲುಗಳಿಂದ ಹಬೆ ಏಳುತ್ತಿದೆ. ಯಾರೋ ಕಿತ್ತಳೆ ಸುಲಿಯುತ್ತಿದ್ದಾರೆ, ಆ ಚಳಿಯಲ್ಲಿ ಅದರ ವಾಸನೆ ದೂರದವರೆಗೆ ಹರಿಯುತ್ತಿದೆ. ಹತ್ತೂವರೆಯ ಹೊತ್ತಿಗೆ ಮಂಜು ತೆಳುವಾಗಿ ಸೂರ್ಯ ಬೆಳ್ಳಿ ತಟ್ಟೆಯ ಹಾಗೆ ಕಾಣುತ್ತಾನೆ, ಕಣ್ಣು ಚುಚ್ಚುವುದಿಲ್ಲ. ನಾನು ಯಾರ ಅಂಗೈಯನ್ನು ನೋಡಿ ಎಸೆಯುತ್ತೇನೋ ಆ ಅಂಗೈ ಅಲ್ಲೇ ಇರುತ್ತದೆ. ಒಂದು ಕ್ಷಣ ದಾವಣಗೆರೆ ಯಾವುದು, ಡನೀಡಿನ್ ಯಾವುದು, ನನ್ನ ವಯಸ್ಸು ಎಷ್ಟು, ಒಂದೂ ನೆನಪಿರುವುದಿಲ್ಲ. ಸೀಟಿ ಊದಿದಾಗ ಯಾರೋ ನೀರಿನಿಂದ ಮೇಲೆತ್ತಿದ ಹಾಗಾಗುತ್ತದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯ ಕಟ್ಟು ಬಿಚ್ಚಿ ಜೋಡಿಸುವಾಗ ಮೊದಲ ಪುಟದ ಕೆಳಗೆ ನಮ್ಮ ಅಂಗಳದ ಚಿತ್ರ ಕಂಡಿತು. ಆಸ್ಪತ್ರೆಗೆ ಬರುವವರಿಗೆ ಕಾರು ನಿಲ್ಲಿಸಲು ಜಾಗವಿಲ್ಲ, ಹಳೆಯ ನೆಟ್‌ಬಾಲ್ ಅಂಗಳವನ್ನು ಪಾರ್ಕಿಂಗ್ ಮಾಡಬೇಕೆಂದು ನಗರಸಭೆಯ ಯೋಚನೆ ಎಂದು ಬರೆದಿತ್ತು. ಮೇಲಿನ ದರ್ಜೆಯ ತಂಡಗಳು ಊರಾಚೆಯ ಒಳಾಂಗಣಕ್ಕೆ ಹೋಗಬಹುದಿತ್ತು. ಅಲ್ಲಿ ಕೆಳದರ್ಜೆಗೆ ಹೊತ್ತೇ ಕೊಡುವುದಿಲ್ಲ ಎಂದು ಕ್ಯಾಪ್ಟನ್ ವಿಚಾರಿಸಿಕೊಂಡು ಬಂದಳು. ಅಂಗಳ ಹೋದರೆ ತಂಡವೂ ಇಲ್ಲ, ಅವಳು ಹೇಳಿದ್ದು ಇಷ್ಟೇ. ಅವಳು ವರ್ಷದ ಕೊನೆಗೆ ಓದು ಮುಗಿಸಿ ಹೋಗುವವಳು, ಇನ್ನೊಂದು ಊರಲ್ಲಿ ಇನ್ನೊಂದು ತಂಡ ಸಿಗುತ್ತದೆ. ನನಗೆ ಮತ್ತೆ ಗಾಜಿನ ಮೇಲೆ ಒರೆಸಿದ ಆ ಗುಂಡನೆಯ ತೂತು.

ನ್ಯೂಜಿಲೆಂಡಿನಲ್ಲಿ ನಗರಸಭೆ ಇಂಥದ್ದೇನಾದರೂ ಮಾಡುವ ಮುಂಚೆ ಜನರನ್ನು ಕೇಳುತ್ತದೆ. ಯಾರು ಬೇಕಾದರೂ ಹೋಗಿ ಸದಸ್ಯರ ಮುಂದೆ ಕೂತು ಕೆಲವು ನಿಮಿಷ ಮಾತಾಡಬಹುದು. ತಂಡದಲ್ಲಿ ಮಾತಿಗೆ ಯಾರು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಗಂದಾಯ ಕಟ್ಟುವವಳೂ ನಾನೊಬ್ಬಳೇ. ಬೀಗುತ್ತ ಒಪ್ಪಿಕೊಂಡೆ.

ನಗರಸಭೆಯ ಸದಸ್ಯರಲ್ಲಿ ಒಬ್ಬಾಕೆ ನನ್ನ ಗಿರಾಕಿ. ಹಿಂದೆ ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದವರು. ದಿನಾ ಬೆಳಿಗ್ಗೆ ಹಸಿರು ಮಳೆಕೋಟು, ರಬ್ಬರ್ ಬೂಟು ಹಾಕಿಕೊಂಡು ಪತ್ರಿಕೆಗೆ ಬರುತ್ತಿದ್ದರು. ಆ ಊರಲ್ಲಿ ಆಳುವವರೂ ಹಾಲಿನ ಸಾಲಿನಲ್ಲೇ ನಿಲ್ಲುತ್ತಾರೆ, ಅದು ನನಗೆ ಬಹಳ ಹಿಡಿಸಿದ್ದ ಸಂಗತಿ. ಅಹವಾಲಿಗೆ ಬರುತ್ತಿದ್ದೇನೆ ಎಂದೆ. ಒಳ್ಳೆಯದು, ಏನು ಬೇಕೋ ಅದನ್ನು ಹೇಳಿ ಎಂದರು. ನಾನು ತಲೆಯಾಡಿಸಿದೆ. ಏನು ಬೇಕೋ ಅದನ್ನೇ ಮೊದಲು ಹೇಳಿದರೆ ಅದರಲ್ಲಿ ಅರ್ಧ ಸಿಗುತ್ತದೆ ಎಂದು ನಮ್ಮಲ್ಲಿ ಬಳೆ ಕೊಳ್ಳುವ ಹುಡುಗಿಗೂ ಗೊತ್ತು. ಅಂಗಳ ಉಳಿಯಬೇಕಾದರೆ ಅಂಗಳಕ್ಕಿಂತ ದೊಡ್ಡದನ್ನು ಕೇಳಬೇಕು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅಂಗಳಕ್ಕೆ ಬಂದು ನಿಲ್ಲಬೇಕು. ಇದು ನನ್ನ ಲೆಕ್ಕ.

ಸಭೆಯ ಕೋಣೆ ಹಳೆಯ ಮರದ ಹಲಗೆಗಳದು, ಮೇಣದ ವಾಸನೆ. ಎತ್ತರದ ಕಿಟಕಿಗಳಿಂದ ಬೆಳಕು ಓರೆಯಾಗಿ ಬಿದ್ದು ಧೂಳು ನಿಧಾನವಾಗಿ ತಿರುಗುತ್ತಿತ್ತು. ಸದಸ್ಯರು ಅರ್ಧ ಚಂದ್ರದ ಹಾಗೆ ಕೂತಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಕ್ಯಾಪ್ಟನ್ ಹಿಂದೆ ಕೂತಿದ್ದಳು, ಅವತ್ತು ಉದ್ದ ಪ್ಯಾಂಟು. ನಾನು ಕೇಳಿದೆ. ಅಂಗಳಕ್ಕೆ ಚಾವಣಿ ಬೇಕು. ದೀಪ ಬೇಕು. ಬಿಸಿನೀರಿರುವ ಬಟ್ಟೆ ಬದಲಿಸುವ ಕೋಣೆ ಬೇಕು. ನೋಡುವವರಿಗೆ ಮೆಟ್ಟಿಲು ಬೇಕು. ಯಾರೂ ನಗಲಿಲ್ಲ, ಯಾರೂ ಅಯ್ಯೋ ಎನ್ನಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಅದೇ ನನಗೆ ಸ್ವಲ್ಪ ಗಾಬರಿ. ಬೆಲೆ ಕೇಳಿ ಹೌಹಾರದ ಗಿರಾಕಿಯನ್ನು ನಾನು ಕಂಡಿರಲಿಲ್ಲ.

ಆಗ ತುದಿಯಲ್ಲಿ ಕೂತಿದ್ದ ಬೋಳುತಲೆಯ ಸದಸ್ಯರೊಬ್ಬರು ಮೃದುವಾಗಿ ಕೇಳಿದರು. ಇಷ್ಟೆಲ್ಲ ಮಾಡಲು ನಗರಸಭೆಗೆ ಆಗದೆ ಹೋದರೆ, ಅಂಗಳ ಈಗ ಇರುವ ಹಾಗೆಯೇ ಇದ್ದರೂ ನಿಮಗೆ ಉಪಯೋಗವಿದೆಯೇ?

ಇಳಿಯಲು ಅವರು ಕೊಟ್ಟ ಮೆಟ್ಟಿಲು ಅದು. ಆದರೆ ಎದುರಿನವನು ಮೊದಲ ಸಲ ಕೇಳಿದಾಗಲೇ ಇಳಿದವನು ವ್ಯಾಪಾರ ಕೆಡಿಸಿಕೊಂಡ ಎಂದು ನನ್ನ ಮೈಯ ಕಣಕಣವೂ ಹೇಳಿತು.

“ಚಾವಣಿ ಇಲ್ಲದೆ ಅಲ್ಲಿ ಆಡೋಕೆ ಆಗೋದೇ ಇಲ್ಲ,” ಎಂದೆ. ಎಂದವಳೇ ಸೆರಗು ಸರಿಮಾಡಿಕೊಂಡು, ಹಿಂದೆ ಮಾರುವ ಸೀರೆ ಮಡಚಿ ಏಳುತ್ತಿದ್ದ ಹಾಗೆ ಎದ್ದು, ಬಾಗಿಲ ಕಡೆ ನಡೆದೆ. ನಿಧಾನವಾಗಿಯೇ ನಡೆದೆ, ಕೂಗಿ ಕರೆಯಲು ಅವರಿಗೆ ಹೊತ್ತು ಇರಲಿ ಎಂದು. ಅಧ್ಯಕ್ಷರು ವಂದನೆ ಹೇಳಿ ಮುಂದಿನವರನ್ನು ಕರೆದರು.

ಹೊರಗಿನ ಕಾರಿಡಾರಿನಲ್ಲಿ ಹಳೆಯ ಮೇಯರುಗಳ ಪಟಗಳ ಕೆಳಗೆ ನಿಂತೆ. ಕ್ಯಾಪ್ಟನ್ ಓಡಿ ಬಂದಳು.

“ಆಂಟಿ, ಯಾಕೆ ಹಾಗಂದ್ರಿ? ಇರೋದೇ ಸಾಕು ಅನ್ನಬೇಕಿತ್ತು.”

“ಇರು, ಕರೀತಾರೆ.”

“ಯಾರು?”

“ಅವರೇ, ಒಳಗಿನವರು.”

ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. “ಯಾರೂ ಕರೆಯೋದಿಲ್ಲ, ಆಂಟಿ. ಅವರು ನಿಮ್ಮ ಮಾತನ್ನ ನಂಬಿದ್ರು.”

ಒಳಗಿಂದ ಇನ್ನಾರದೋ ದನಿ ಚರಂಡಿಯ ವಿಷಯ ಹೇಳುತ್ತಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತೆ. ಕಿಟಕಿಯ ಬೆಳಕು ಒಂದು ಪಟದಿಂದ ಇನ್ನೊಂದು ಪಟಕ್ಕೆ ಸರಿಯುವುದನ್ನು ನೋಡಿದ್ದು ನೆನಪಿದೆ. ನಾನು ಯಾವ ಭಾಷೆಯಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ. ಇಂಗ್ಲಿಷೆಲ್ಲ ಸರಿಯಾಗಿಯೇ ಇತ್ತು.

ತಂಡದವರು ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಬೈಗುಳಕ್ಕೆ ಉತ್ತರ ಕೊಡಬಹುದು. ಬೇಸರ ಮಾಡ್ಕೋಬೇಡಿ ಎಂದು ನನ್ನ ಬೆನ್ನು ತಟ್ಟಿದರು. ಮನೆಯಲ್ಲಿ ಯಜಮಾನರು ಊಟಕ್ಕೆ ಕೂತಾಗ ಎಲ್ಲ ಕೇಳಿ, ರೊಟ್ಟಿ ಮುರಿಯುತ್ತ, ಇದು ಸಂತಿ ಅಲ್ಲ ಎಂದರು. ಆಮೇಲೆ ಬೇರೆ ಯಾವುದೋ ನೆನಪಾದ ಹಾಗೆ ಹೇಳಿದರು:

“ಪಾರ್ಕಿಂಗ್ ಪಾರ್ಕಿಂಗ್ ಅಂತಾರ. ಸೋಮವಾರದಿಂದ ಶುಕ್ರವಾರದ ಮಟ ಖರೇ, ಕಾಲಿಡಾಕ ಜಾಗ ಇರಂಗಿಲ್ಲ. ಶನಿವಾರ ಹೊರರೋಗಿಗಳು ಬರಂಗೇ ಇಲ್ಲಲ್ಲ. ಈಗಿರೋ ಪಾರ್ಕಿಂಗೇ ಖಾಲಿ ಬಿದ್ದಿರ್ತೈತಿ.”

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಷ್ಟು ದಿನ ನಾನು ಇಡೀ ಅಂಗಳವನ್ನು ಕಾಯುತ್ತಿದ್ದೆ, ವಾರದ ಏಳೂ ದಿನ. ನಾನು ಅಲ್ಲಿರುತ್ತಿದ್ದದ್ದು ವಾರಕ್ಕೆ ಒಂದೇ ಬೆಳಿಗ್ಗೆ.

ಮರುದಿನ ಹಸಿರು ಕೋಟಿನವರು ಬಂದಾಗ ಪತ್ರಿಕೆ ಕೈಗೆ ಕೊಡದೆ ಹಿಡಿದುಕೊಂಡೇ ಕೇಳಿದೆ. ಇನ್ನೂ ಹೇಳಲು ಅವಕಾಶವಿದೆಯೇ? ಅಹವಾಲು ಮುಗಿಯಿತು, ಮುಂದಿನ ವಾರ ತೀರ್ಮಾನ, ಸಾರ್ವಜನಿಕರು ಬಂದು ಕೂರಬಹುದು, ಮಾತಾಡುವಂತಿಲ್ಲ ಎಂದರು. ಆದರೆ ಊರಿನವರು ಅಂಗಡಿಯಲ್ಲಿ ಸಿಕ್ಕು ಒಂದು ಮಾತು ಹೇಳಿದರೆ ಕೇಳಿಸಿಕೊಳ್ಳುವುದೇ ತಮ್ಮ ಕೆಲಸ ಎಂದೂ ಸೇರಿಸಿದರು.

“ನಮಗೆ ಶನಿವಾರ ಬೆಳಿಗ್ಗೆ ಮಾತ್ರ ಬೇಕು. ಮಿಕ್ಕ ದಿನ ಕಾರು ನಿಲ್ಲಲಿ,” ಎಂದೆ.

“ಅಷ್ಟೇನಾ?”

ನೋಡಿ, ಜೀವಮಾನದಲ್ಲಿ ನನಗೆ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಎದುರಿನವರೇ ಬಾಗಿಲು ತೆರೆದು, ಇನ್ನೂ ಏನಾದರೂ ಬೇಕೇ ಎನ್ನುತ್ತಿದ್ದಾರೆ. ದೀಪ ಎನ್ನಲೇ, ಹೊಸ ಗೆರೆ ಎನ್ನಲೇ, ಒಂದು ನಲ್ಲಿಯನ್ನಾದರೂ ಕೇಳಲೇ. ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಅಷ್ಟೇ,” ಎಂದೆ. ಆಮೇಲೆ, ಈ ಶನಿವಾರ ಬಂದು ನೋಡಿ ಎಂದು ಕರೆದೆ.

ಬಂದರು. ಆ ದಿನದಷ್ಟು ದಟ್ಟ ಮಂಜನ್ನು ನಾನು ಮತ್ತೆ ನೋಡಲಿಲ್ಲ. ಗೆರೆಯ ಆಚೆ ಒಂದು ಹಸಿರು ಮಸುಕು ನಿಂತಿತ್ತು, ಅದೇ ಅವರು. ಸಣ್ಣಗೆ ಹನಿಯುತ್ತಿತ್ತು. ಯಾರ ಮುಖವೂ ಪೂರ್ತಿ ಇರಲಿಲ್ಲ. ಒಂದು ಕೈ, ಒಂದು ಜಡೆ, ಆಡುವ ಸ್ಥಾನ ತಿಳಿಸುವ ಎದೆಯ ಮೇಲಿನ ಒಂದು ಅಕ್ಷರ ಮೂಡಿ ಮತ್ತೆ ಅಳಿಯುತ್ತಿತ್ತು. ಚೆಂಡು ಎಲ್ಲಿಂದಲೋ ಬರುತ್ತಿತ್ತು, ಎಲ್ಲಿಗೋ ಹೋಗುತ್ತಿತ್ತು, ಆದರೂ ಪ್ರತಿ ಸಲ ಅದಕ್ಕೊಂದು ಅಂಗೈ ಸಿಗುತ್ತಿತ್ತು. ಎರಡನೇ ಅರ್ಧದಲ್ಲಿ ಒಂದು ಒದ್ದೆ ಚೆಂಡು ಬೆರಳ ತುದಿಗೆ ಬಡಿದು ಕಿರುಬೆರಳು ಹಿಂದಕ್ಕೆ ಬಾಗಿತು. ಕಣ್ಣಲ್ಲಿ ನೀರು ಬಂತು. ಕ್ಯಾಪ್ಟನ್ ಹೊರಗೆ ಹೋಗುತ್ತೀರಾ ಎಂದು ಸನ್ನೆ ಮಾಡಿದಳು. ನಾನು ತಲೆ ಅಲ್ಲಾಡಿಸಿದೆ. ನಾನು ಹೊರಗೆ ಹೋದರೆ, ಚಾವಣಿ ಇಲ್ಲದೆ ಆಗುವುದಿಲ್ಲ ಎಂದ ಹೆಂಗಸು ಮಳೆ ಬಂದಾಗ ನಿಜವಾಗಿಯೂ ಹೋದಳು ಎಂದಾಗುತ್ತಿತ್ತು. ಆ ಆಟ ನಾವು ಸೋತೆವು. ಹಸಿರು ಕೋಟಿನವರು ಕಿತ್ತಳೆಯ ಎರಡು ತೊಳೆ ತಿಂದು ಮಂಜಿನೊಳಗೆ ಹೋದರು.

ತೀರ್ಮಾನದ ದಿನ ಕ್ಯಾಪ್ಟನ್ನೂ ನಾನೂ ಸಾರ್ವಜನಿಕರ ಬೆಂಚಿನಲ್ಲಿ ಕೂತೆವು. ನನ್ನ ಬೆರಳಿಗೆ ಯಜಮಾನರು ಪಟ್ಟಿ ಕಟ್ಟಿದ್ದರು. ನಮ್ಮ ವಿಷಯ ಬಂದಾಗ ಹಸಿರು ಕೋಟಿನವರು, ವಾರದ ದಿನ ಪಾರ್ಕಿಂಗ್, ಶನಿವಾರ ಮಧ್ಯಾಹ್ನದವರೆಗೆ ಅಂಗಳ, ಕಂಬಗಳನ್ನು ಎತ್ತಿ ಇಡುವಂತೆ ಮಾಡಿದರೆ ಸಾಕು ಎಂದು ಮುಂದಿಟ್ಟರು. ಬೋಳುತಲೆಯವರು ತಮ್ಮ ಕಾಗದ ತಿರುವಿದರು. ಅವರದು ನ್ಯಾಯವಾದ ಪ್ರಶ್ನೆಯೇ. ಚಾವಣಿ ಇಲ್ಲದೆ ಅಲ್ಲಿ ಆಡಲು ಆಗುವುದೇ ಇಲ್ಲ ಎಂದು ಆ ತಂಡದವರೇ ನಮ್ಮೆದುರು ಹೇಳಿದ್ದಾರಲ್ಲ, ಯಾರಿಗಾಗಿ ಉಳಿಸುವುದು?

ನಾನು ಎದ್ದು ನಿಲ್ಲಲು ಹೋದೆ. ಕ್ಯಾಪ್ಟನ್ ನನ್ನ ನೋವಿಲ್ಲದ ಕೈಯನ್ನು ಹಿಡಿದು ಕೂರಿಸಿದಳು. ನನ್ನದೇ ಮಾತು, ನಾನೇ ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಕೋಣೆಯಲ್ಲಿ ಆ ಧೂಳು ಮತ್ತೆ ನಿಧಾನವಾಗಿ ತಿರುಗುತ್ತಿತ್ತು.

“ಶನಿವಾರ ನಾನು ಅಲ್ಲಿ ನಿಂತಿದ್ದೆ,” ಎಂದರು ಹಸಿರು ಕೋಟಿನವರು. “ಚಾವಣಿ ಇರಲಿಲ್ಲ. ಮಳೆ ಬರುತ್ತಿತ್ತು. ಆಕೆ ಆಡುತ್ತಿದ್ದರು.”

ಬೋಳುತಲೆಯವರು ಕನ್ನಡಕದ ಮೇಲಿಂದ ನನ್ನ ಬೆರಳಿನ ಪಟ್ಟಿಯನ್ನು ನೋಡಿದರು. ಆಮೇಲೆ ಕೈಗಳು ಎದ್ದವು, ಅವರದೂ ಎದ್ದಿತು. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಹೊರಗೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ನಿಂತಾಗ, ಗೆದ್ದದ್ದು ಹೌದೋ ಅಲ್ಲವೋ ಎಂದು ಕ್ಯಾಪ್ಟನ್ನನ್ನು ಎರಡು ಸಲ ಕೇಳಿದೆ. ಅಷ್ಟು ಸದ್ದಿಲ್ಲದೆ ಏನಾದರೂ ಸಿಗುತ್ತದೆಂದು ನನಗೆ ನಂಬಿಕೆ ಬರಲಿಲ್ಲ. ಮುಂದಿನ ವರ್ಷದಿಂದ ಶನಿವಾರ ಬೆಳಿಗ್ಗೆ ನಾವು ಕಂಬಗಳನ್ನು ಹೊತ್ತು ತಂದು, ಕಾರಿನ ಎಣ್ಣೆಯ ಕಲೆಗಳ ಮೇಲೆ ಆಡಿದೆವು. ಬಿಸಿಲು ಬಿದ್ದಾಗ ಆ ಕಲೆಗಳಲ್ಲಿ ನವಿಲುಗರಿಯ ಬಣ್ಣ ಏಳುತ್ತಿತ್ತು. ಕ್ಯಾಪ್ಟನ್ ಹೋದಳು, ಇನ್ನೊಬ್ಬಳು ಬಂದಳು, ಅವಳೂ ಹೋದಳು. ನಾನು ಆಡುತ್ತಲೇ ಇದ್ದೆ.

ಈಗ ನೀವು ಈ ದೇಶಕ್ಕೆ ಹೊಸದಾಗಿ ಬಂದವರಾದರೆ, ಆಕ್ಲೆಂಡಿನ ಫ್ಲ್ಯಾಟ್ ಬುಷ್‌ ಬಡಾವಣೆಯ ಹೊಸ ಮನೆಯಲ್ಲಿದ್ದರೂ ಸರಿ, ದಕ್ಷಿಣದ ಚಳಿಯಲ್ಲಿದ್ದರೂ ಸರಿ, ನನ್ನ ಮಾತು ಕೇಳಿ. ಚೌಕಾಸಿಯನ್ನು ಮರೆಯಬೇಡಿ, ಹಳೆ ಕಾರು ಕೊಳ್ಳುವಾಗ, ಅಂಗಡಿ ಹಿಡಿಯುವಾಗ ಅದು ಬೇಕೇ ಬೇಕು. ಆದರೆ ನಗರಸಭೆ, ಶಾಲೆ, ಮೇಲಧಿಕಾರಿ, ಇವರ ಮುಂದೆ ಅದನ್ನು ಕೈಚೀಲದಲ್ಲೇ ಇಟ್ಟಿರಿ. ಹೋಗುವ ಮುಂಚೆ, ನಿಮಗೆ ನಿಜವಾಗಿ ಬೇಕಾದದ್ದು ಎಷ್ಟು ಎಂದು ಮನೆಯಲ್ಲೇ ಜಗಳವಾಡಿ ತೀರ್ಮಾನಿಸಿಕೊಳ್ಳಿ, ನೀವಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಅದನ್ನು ಒಂದೇ ಸಲ ಹೇಳಿ. ಪ್ರಶ್ನೆ ಕೇಳಿದರೆ ಆ ಪ್ರಶ್ನೆಗೇ ಉತ್ತರ ಕೊಡಿ. ಅಹವಾಲಿನ ದಿನ ಖಂಡಿತ ಹೋಗಿ, ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು, ಹೋದವರ ಮಾತು ನಡೆಯುತ್ತದೆ. ನಮ್ಮವರು ಬರೀ ನಮ್ಮ ಸಂಘದ ಹಬ್ಬದೂಟಕ್ಕೆ ಸೇರಿ ಮನೆಗೆ ಹೋಗುತ್ತಾರೆ. ಊಟ ಬಿಡಬೇಡಿ, ಅದರ ಜೊತೆ ಒಂದು ಆಟದ ತಂಡಕ್ಕೂ ಸೇರಿ. ನಲವತ್ತು ದಾಟಿದ್ದರೂ ಪರವಾಗಿಲ್ಲ, ಎಲ್ಲಕ್ಕಿಂತ ಕೆಳಗಿನ ದರ್ಜೆ ಯಾವುದು ಎಂದು ಕೇಳಿ ಅದಕ್ಕೇ ಸೇರಿ, ಅಲ್ಲಿ ಯಾವಾಗಲೂ ಒಬ್ಬರು ಕಡಿಮೆ ಇರುತ್ತಾರೆ. ಏಪ್ರಿಲ್ ತಿಂಗಳಲ್ಲೇ ವಿಚಾರಿಸಿ, ಆಟ ಶುರುವಾದ ಮೇಲೆ ಹೋದರೆ ಬದಲಿಯಾಗಿ ಬೆಂಚಿನ ಮೇಲೆ ಕೂರಿಸುತ್ತಾರೆ, ಚಳಿ ಹಿಡಿಯುತ್ತದೆ. ಬಟ್ಟೆ ಯಾರದಾದರೂ ಹಳೆಯದು ಕೇಳಿ ಪಡೆಯಿರಿ, ಕೊಡುತ್ತಾರೆ. ಶೂ ಮಾತ್ರ ಹೊಸದೇ ಕೊಳ್ಳಿ, ಅಂಗಡಿಯಲ್ಲಿ ಹಾಕಿಕೊಂಡು ಪಕ್ಕಕ್ಕೆ ನಾಲ್ಕು ಸಲ ಹಾರಿ ನೋಡಿ. ಹಿಮ್ಮಡಿ ಅಲುಗಿದರೆ ಆ ಜೋಡಿ ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.